ಹತ್ತು ವರ್ಷದೊಳಗಿನ ಮಕ್ಕಳನ್ನು ಬಿಟ್ಟುಕೊಟ್ಟವನು

ವಿಶಾಲಾಕ್ಷಿ ಮೇಡಂ, ಹತ್ತು ವರ್ಷದೊಳಗಿನ ಮಕ್ಕಳನ್ನು ಆ ನೀತಿಯಿಂದ ತೆಗೆದುಹಾಕಿದ್ದು ಸರ್ಕಾರದವರಲ್ಲ, ನಾನು. ಅವರು ಹಾಗೆ ಮಾಡಿ ಎಂದು ಕೇಳಲೂ ಇಲ್ಲ — ನಾನಾಗಿಯೇ ಕೊಟ್ಟುಬಂದೆ. ಕೊಟ್ಟುಬಂದವನು ನಿಮ್ಮೆದುರು ನಿಂತು, ಅವರು ಒಪ್ಪಲಿಲ್ಲ ಎಂದು ಸುಳ್ಳು ಹೇಳಿದೆ.

ಇದನ್ನು ಓದುವ ಬೇರೆಯವರಿಗೂ ಸಂಗತಿ ತಿಳಿಯಬೇಕು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಶಾಲೆಯ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಏನು ವ್ಯವಸ್ಥೆ ಇರಬೇಕು ಎಂದು ನೀತಿಯ ಕರಡು ಬರೆದುಕೊಡಲು ಒಂದು ಸಮಿತಿಯಾಯಿತು. ಹಿರಿಯ ಮನೋವೈದ್ಯರೊಬ್ಬರು ಅಧ್ಯಕ್ಷರು. ಬಸವನಗುಡಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ವಿಶಾಲಾಕ್ಷಿ ಮೇಡಂ ಶಿಕ್ಷಕರ ಕಡೆಯಿಂದ, ನಾನು ಪೋಷಕರ ಕಡೆಯಿಂದ. ಬಳೇಪೇಟೆಯ ಬಳೆ ವ್ಯಾಪಾರಿಗೆ ಅಲ್ಲೇನು ಕೆಲಸ ಎನ್ನುತ್ತೀರಾ? ಹಳ್ಳಿಯಿಂದ ಬಂದು ಕೈಗಾಡಿ ತಳ್ಳಿ, ಆಮೇಲೆ ಸ್ವಂತ ಮಳಿಗೆ ಮಾಡಿದವನು ನಾನು. ಡಾಕ್ಟರಿಗೆ ಕಾಯಿಲೆ ಗೊತ್ತಿತ್ತು, ಮೇಡಂಗೆ ಮಕ್ಕಳು ಗೊತ್ತಿದ್ದರು. ಕೇಳಿದ್ದನ್ನು ಈಡೇರಿಸಿಕೊಂಡು ಬರುವ ದಾರಿ ಇಬ್ಬರಿಗೂ ಗೊತ್ತಿರಲಿಲ್ಲ. ಅದು ನನ್ನ ಕಸುಬು.

ಆ ಕೆಲಸದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ — ಮುಚ್ಚಿಟ್ಟರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕೋಣೆಯ ಬಾಗಿಲಿಗೆ ‘ಮಾನಸಿಕ’ ಎಂದು ಬೋರ್ಡು ಹಾಕಿದರೆ ಯಾವ ತಾಯಿಯೂ ಒಳಗೆ ಕಾಲಿಡುವುದಿಲ್ಲ ಎಂದವನು ನಾನು. ಅಂಗಡಿ ಬಾಗಿಲೆಳೆದು ಅಪ್ಪಂದಿರೂ ಬರುವಂತೆ ಸಂಜೆ ಹೊತ್ತೂ ಸಮಾಲೋಚಕರು ಸಿಗಬೇಕು ಎಂದವನು ನಾನು. ಶಾಲೆ ಬಿಡುವಾಗ ಕೊಡುವ ಟೀಸಿಯಲ್ಲಿ ಇದರ ಸುಳಿವೂ ಇರಕೂಡದು ಎಂದು ಹಠ ಹಿಡಿದವನೂ ನಾನೇ. ಡಾಕ್ಟರು ಒಮ್ಮೆ ನಗುತ್ತಾ, “ಏಳನೇ ಕ್ಲಾಸಿಗೇ ಬಿಟ್ರಾ ಗೌಡ್ರೆ? ಒಳ್ಳೇದಾಯ್ತು ಬಿಡಿ. ಇನ್ನೂ ಓದಿದ್ರೆ ನಾವೆಲ್ಲ ಮನೇಲಿ ಕೂರ್ಬೇಕಿತ್ತು” ಎಂದಿದ್ದರು.

ಇಷ್ಟೆಲ್ಲ ನನಗೆ ಹೇಗೆ ತಿಳಿದಿತ್ತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ನನ್ನ ಮಗಳು ರೂಪಾಗೆ ಆಗ ಹದಿನಾಲ್ಕು. ಕೈ ತೊಳೆಯಲು ಬಚ್ಚಲಿಗೆ ಹೋದವಳು ಹೊರಗೆ ಬರುತ್ತಿರಲಿಲ್ಲ. ಬೆರಳ ಸಂದುಗಳು ಒಡೆದು ರಕ್ತ ಜಿನುಗುತ್ತಿತ್ತು. ಚಾಮರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ, “ಏನ್ರೀ, ಗೌಡ್ರ ಮನೇಲಿ ನಮ್ಮನೆಗಿಂತ ಮಡಿ ಜಾಸ್ತಿ ಆಯ್ತಲ್ಲ” ಎಂದು ನಗುತ್ತಿದ್ದರು. ನಾವೂ ಜೊತೆಗೆ ನಗುತ್ತಿದ್ದೆವು... ಚರ್ಮದ ಡಾಕ್ಟರು ಎಂದು ಊರಿಗೆಲ್ಲ ಹೇಳಿ, ಕುಮಾರ ಪಾರ್ಕಿನ ಮನೋವೈದ್ಯರೊಬ್ಬರಲ್ಲಿಗೆ ಕರೆದೊಯ್ಯುತ್ತಿದ್ದೆವು. ಮಾತ್ರೆಯಷ್ಟೇ ಸಾಲದು, ಶಾಲೆಯಲ್ಲಿ ಅವಳ ಕಷ್ಟ ತಿಳಿದವರು ಒಬ್ಬರು ಇರಬೇಕು, ಇಲ್ಲದಿದ್ದರೆ ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅವರು ಹೇಳಿದ್ದರು. ಅಂಥವರು ಯಾವ ಶಾಲೆಯಲ್ಲೂ ಇರಲಿಲ್ಲ. ನಾನು ಸಮಿತಿಗೆ ಸೇರಿದ್ದು ಅದಕ್ಕೆ. ಸಮಾಜಸೇವೆ ಎಂದು ನೀವೆಲ್ಲ ಅಂದುಕೊಂಡಿರಿ — ಅಂದುಕೊಳ್ಳಲಿ ಎಂದು ನಾನೂ ಬಿಟ್ಟೆ.

ಮೇಡಂ, ನೀವು ನನ್ನ ಹಾಗೆ ಮುಚ್ಚಿಡಲಿಲ್ಲ. ಮೊದಲ ಸಭೆಯಲ್ಲೇ ನಿಮ್ಮ ಮಗ ಸುಮಂತನ ವಿಷಯ ಹೇಳಿದಿರಿ. ಏಳು ವರ್ಷದ ಹುಡುಗ, ಮನೆಯಲ್ಲಿ ಅರಳು ಹುರಿದಂತೆ ಮಾತು, ಶಾಲೆಯ ಗೇಟು ದಾಟಿದರೆ ಒಂದು ಶಬ್ದವಿಲ್ಲ. ಚಿಕ್ಕ ಮಕ್ಕಳ ಭಾಗವನ್ನು ಇಡಿಯಾಗಿ ಬರೆದವರು ನೀವು.

ಕೊನೆಯ ಮಾತುಕತೆಗೆ ಅಧಿಕಾರಿಗಳ ಬಳಿ ನಾನೊಬ್ಬನೇ ಹೋದೆ. ಅಧ್ಯಕ್ಷರಾದ ಡಾಕ್ಟರು ಊರಲ್ಲಿರಲಿಲ್ಲ. ನೀವು ಬರುತ್ತೇನೆಂದಿರಿ. ತಾಯಿ ಎದುರಿಗಿದ್ದರೆ ಮಾತು ಕಣ್ಣೀರಿಗೆ ತಿರುಗುತ್ತದೆ, ವ್ಯವಹಾರ ಕೆಡುತ್ತದೆ ಎಂದು ನಾನೇ ತಡೆದೆ. ನಿಜ ಬೇರೆಯಿತ್ತು. ಚೌಕಾಸಿಗೆ ಕೂರುವ ಮೊದಲೇ ಏನನ್ನು ಬಿಡಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿರಬೇಕು — ವ್ಯಾಪಾರದ ಮೊದಲ ಪಾಠವದು. ನಾನು ಗಟ್ಟಿ ಮಾಡಿಕೊಂಡೇ ಹೊರಟಿದ್ದೆ.

ಆ ಅಧಿಕಾರಿ ಕೆಟ್ಟವರಲ್ಲ. ಕರಡನ್ನು ಓದಿದ್ದರು. “ಎಲ್ಲಾ ಕೇಳಿದ್ರೆ ಏನೂ ಆಗಲ್ಲ ಗೌಡ್ರೆ, ಏನಾದ್ರೂ ಒಂದು ಕಡಿಮೆ ಮಾಡಿ” ಎಂದರು. ಏನನ್ನು ಎಂದು ಅವರು ಹೇಳಲಿಲ್ಲ. ಮೇಲ್ವಿಚಾರಣೆಗೆ ಒಂದು ಕಚೇರಿ, ಅದಕ್ಕೊಂದು ಜೀಪು ಎಂದೆಲ್ಲ ನಾವು ಕೇಳಿದ್ದೆವು, ಅದನ್ನು ಬಿಡಬಹುದಿತ್ತು. ಆದರೆ ಚಿಲ್ಲರೆ ಬಿಟ್ಟರೆ ಕಡತ ಇನ್ನೊಂದು ಸುತ್ತು ಹೋಗುತ್ತದೆ, ದೊಡ್ಡದು ಬಿಟ್ಟರೆ ಅಂದೇ ಮುಗಿಯುತ್ತದೆ. ಜೂನ್‌ನಲ್ಲಿ ಶಾಲೆ ತೆರೆಯುವಷ್ಟರಲ್ಲಿ ನನಗದು ಮುಗಿಯಬೇಕಿತ್ತು.

“ಚಿಕ್ಕೋರನ್ನ ಬಿಡಿ ಸಾರ್” ಎಂದೆ. “ಹತ್ತು ವರ್ಷದಿಂದ ಮೇಲಕ್ಕೆ ಕೊಡಿ. ಸಾಕು.”

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. “ನೀವೇ ಹೇಳ್ತಿದೀರಲ್ಲ, ಆಯ್ತು” ಎಂದರು.

ಹೊರಗೆ ಬಂದಾಗ ನನಗಾದದ್ದು ದುಃಖವಲ್ಲ. ಒಳ್ಳೆಯ ವ್ಯಾಪಾರ ಕುದುರಿಸಿದ ಖುಷಿ.

ಆ ಸಂಜೆ ನಿಮ್ಮ ಶಾಲೆಯ ಜಗಲಿಯಲ್ಲಿ, ಎಷ್ಟು ಹೇಳಿದರೂ ಒಪ್ಪಲಿಲ್ಲ ಎಂದೆ. ನೀವು ನನ್ನನ್ನೇ ಸಮಾಧಾನ ಮಾಡಿದಿರಿ — “ನೀವೇ ಹೋಗಿ ಆಗ್ಲಿಲ್ಲ ಅಂದ್ರೆ ಯಾರು ಹೋದ್ರೂ ಆಗ್ತಿರ್ಲಿಲ್ಲ ಬಿಡಿ. ನಮ್ಮ ಸುಮಂತಂಗೆ ಇನ್ನು ಮೂರು ವರ್ಷ ತಾನೆ. ಕಾಯ್ತೀವಿ.”

ಜೂನ್‌ನಲ್ಲಿ ರೂಪಾ ಶಾಲೆಗೆ ಹೋದಳು. ನಿಮ್ಮ ಸುಮಂತ ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತ. ಮೂಗ ಎಂದು ಹುಡುಗರು ಕರೆದರು, ಒಂದು ತರಗತಿಯಲ್ಲಿ ಅವನನ್ನು ಎರಡು ವರ್ಷ ಕೂರಿಸಿದರು. ಇದೆಲ್ಲ ನಿಮ್ಮಿಂದಲೇ ನನಗೆ ತಿಳಿಯುತ್ತಿತ್ತು. ನಾನು ತಲೆಯಾಡಿಸುತ್ತಿದ್ದೆ.

ಕೆಲವು ವರ್ಷಗಳ ಮೇಲೆ ನೀತಿಯನ್ನು ತಿದ್ದುವಾಗ ಚಿಕ್ಕ ಮಕ್ಕಳನ್ನು ಸೇರಿಸಿದವರು ನೀವು. ನಿಮ್ಮ ಮಗನಿಗೆ ಅದರಿಂದ ಏನೂ ಬರುವಂತಿರಲಿಲ್ಲ, ಅವನ ವಯಸ್ಸು ದಾಟಿತ್ತು. ಆದರೂ ಕಚೇರಿಯಿಂದ ಕಚೇರಿಗೆ ಅಲೆದಿರಿ. ಯಾವುದನ್ನೂ ಬಿಟ್ಟುಕೊಡದೆ ಗೆದ್ದಿರಿ — ಅಂಥ ವ್ಯವಹಾರ ನನ್ನ ಜನ್ಮದಲ್ಲಿ ನಾನು ಮಾಡಿಲ್ಲ. ಆ ದಿನದ ಸಭೆಯಲ್ಲಿ, ಹಿಂದೆ ಈ ಮಕ್ಕಳಿಗಾಗಿ ಗೌಡರು ಎಷ್ಟು ಹೋರಾಡಿದ್ದರು ಎಂದು ನೀವು ಹೇಳಿದಿರಿ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈ ಮುಗಿದೆ.

ನೀತಿ ಬರೆಯಲು ಕೂರುವ ಇಂದಿನವರಿಗೆ ಒಂದು ಮಾತು. ವಯಸ್ಸಿನ ಗೆರೆ ಎಳೆಯುವ ಮೊದಲು ನಿಮ್ಮ ಮನೆಯ ಮಗು ಆ ಗೆರೆಯ ಯಾವ ಕಡೆಗಿದೆ ಎಂದು ಎಲ್ಲರೆದುರು ಹೇಳಿಬಿಡಿ. ಕೊನೆಯ ಮಾತುಕತೆಗೆ ಗೆರೆಯಾಚೆ ಉಳಿಯುವ ಮಗುವಿನ ತಾಯಿಯನ್ನು ಕರೆದುಕೊಂಡು ಹೋಗಿ. ಅತ್ತರೆ ಅಳಲಿ.

ಇದನ್ನು ಬರೆಯಲೇ ಎಂದು ರೂಪಾಳನ್ನು ಕೇಳಿದೆ. “ನನ್ನ ಹೆಸರು ಹಾಕಪ್ಪ. ನಾನೇನು ಕದ್ದಿಲ್ಲ” ಎಂದಳು.

ತ್ಯಾಗರಾಜನಗರದ ನಿಮ್ಮ ಮನೆಗೆ ಬಂದು ಎದುರೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಬಂದಿದ್ದೆ ಮೇಡಂ, ಒಂದಲ್ಲ ಎರಡು ಸಲ. ನೀವು ಕಾಫಿ ಕೊಟ್ಟಿರಿ, ನಾನು ಕುಡಿದು ಎದ್ದೆ. ನನ್ನ ನಾಲಿಗೆ ನನಗೆ ಗೊತ್ತು — ಹೇಗೂ ಕೊನೆಗೆ ಎಲ್ಲ ಮಕ್ಕಳಿಗೂ ಸಿಕ್ಕಿತಲ್ಲ ಎಂದು ಸೇರಿಸಿ, ಕ್ಷಮೆಗೂ ಚೌಕಾಸಿ ಮಾಡಿಬಿಡುತ್ತಿತ್ತು. ಅದಕ್ಕೇ ಅಚ್ಚಿಗೆ ಕೊಟ್ಟಿದ್ದೇನೆ. ಸುಮಂತನಿಗೂ ಓದಲು ಕೊಡಿ. ಅವನಿಗೆ ನನ್ನನ್ನು ಕರೆಸಿ ಏನಾದರೂ ಹೇಳಬೇಕೆನಿಸಿದರೆ, ಬರುತ್ತೇನೆ. ಅವನು ಮಾತಾಡಲಿ. ಮುಗಿಯುವವರೆಗೂ ನಾನು ಬಾಯಿ ತೆರೆಯುವುದಿಲ್ಲ.