ಅಟ್ಟ ತುಂಬಿಸಿದ ಬೇಸ್‌ಬಾಲ್ ತಂಡ

ತಿಪಟೂರಿನ ಒಂದು ಕಾಲೇಜಿನಲ್ಲಿ ನಾನು ಹನ್ನೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ಆಗಿದ್ದೆ ಅನ್ನುವುದೂ ದೊಡ್ಡ ಮಾತೇ. ಪ್ರತಿ ಜೂನ್‌ನಲ್ಲಿ ಹತ್ತು ತಿಂಗಳ ಮಟ್ಟಿಗೆ ಒಂದು ಆರ್ಡರ್ ಕೊಡುತ್ತಿದ್ದರು, ನಾನು ಹಲ್ಲು ಗಿಂಜಿ ಇಸಿದುಕೊಳ್ಳುತ್ತಿದ್ದೆ. ಉಳಿದ ಎರಡು ತಿಂಗಳು ನಾನು ಯಾರೆಂದು ಕಾಲೇಜಿನ ಗೇಟಿನವನಿಗೂ ನೆನಪಿರುತ್ತಿರಲಿಲ್ಲ.

ನನಗೆ ಬರುತ್ತಿದ್ದದ್ದು ವಾಲಿಬಾಲ್ ಒಂದೇ. ಬೇಸ್‌ಬಾಲನ್ನು ನನ್ನ ಕೊರಳಿಗೆ ಕಟ್ಟಿದವರು ಪ್ರಿನ್ಸಿಪಾಲರು. ಒಂದು ದಿನ ವಿಶ್ವವಿದ್ಯಾಲಯದ ಸುತ್ತೋಲೆ ಹಿಡಿದು ಕರೆದರು.

"ನೋಡ್ರೀ, ಕಬಡ್ಡಿಗೆ ಊರೂರಿಂದ ಟೀಮ್ ಬತ್ತವೆ. ಈ ಬೇಸ್‌ಬಾಲ್‌ಗೆ ನಾಕೇ ನಾಕು. ಎರಡು ಮ್ಯಾಚ್ ಗೆದ್ರೆ ಕಪ್ಪು ನಮ್ದು. ಕಪ್ ತನ್ನಿ, ಮುಂದಿನ ವರ್ಷದ ಆರ್ಡರ್ ತಗಳಿ. ಇಲ್ದಿದ್ರೆ ನಾವು ಬೇರೆಯೋರ್ನ ನೋಡ್ಕೋತೀವಿ."

"ಸಾರ್, ಅದನ್ನ ಆಡೋದು ಹೆಂಗೆ?"

"ಕೋಚ್ ನೀವೋ ನಾನೋ?"

ಒಂದು ವಾರ ಫೋನಿನಲ್ಲಿ ವಿಡಿಯೋ ನೋಡಿ ಕೋಚ್ ಆದೆ. ನನಗೆ ತಿಳಿದದ್ದು ಇಷ್ಟು: ಎದುರಿನವನು ಎಸೆದ ಚೆಂಡನ್ನು ದೊಣ್ಣೆಯಿಂದ ಬಾರಿಸಬೇಕು, ಮೂರು ಮೂಲೆ ಮುಟ್ಟಿ ಹೊರಟ ಜಾಗಕ್ಕೇ ಓಡಿ ಬರಬೇಕು, ಬಂದರೆ ಒಂದು ರನ್. ಅವನಿಗಿಂತ ಮೊದಲು ಚೆಂಡು ಬಂದು, ಅದನ್ನು ಹಿಡಿದವನು ಅವನಿಗೆ ಮುಟ್ಟಿಸಿದರೆ ಔಟ್. ಸ್ಟಾಫ್ ರೂಮಿನಲ್ಲಿ ಇದನ್ನು ವಿವರಿಸಿದಾಗ ಕನ್ನಡ ಮೇಡಂ, "ಚಿನ್ನಿದಾಂಡನ್ನ ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ರೆ ಹಿಂಗೇ ಆಗೋದು ಕಣ್ರೀ" ಅಂದರು. ಮೈಯೆಲ್ಲ ಉರಿಯಿತು. ಮೊದಲ ದಿನವೇ ನನಗೂ ಹಾಗೇ ಅನ್ನಿಸಿತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ತಂಡ ಕಟ್ಟುವಾಗ ಮಾತ್ರ ನನ್ನ ತಲೆ ಓಡಿತು. ಕೆಂಕೆರೆ ಕಡೆಯಿಂದ ಬರುತ್ತಿದ್ದ ಒಬ್ಬ ಬಿ.ಎ. ಹುಡುಗನಿದ್ದ. ತೋಟದಲ್ಲಿ ಎಳನೀರು ಕಿತ್ತು ಹಾಳುಮಾಡುವ ಕೋತಿಗಳನ್ನು ಕಲ್ಲು ಬೀಸಿ ಓಡಿಸುವುದು ಅವನಿಗೆ ಚಿಕ್ಕಂದಿನ ಕೆಲಸ. ಮೈದಾನದ ಆ ತುದಿಯಿಂದ ಬೀಸಿದರೆ ಚೆಂಡು ಸುಂಯ್ ಎಂದು ಬಂದು ನೇರ ಅಂಗೈಗೆ ಬೀಳುತ್ತಿತ್ತು. ನಾನು ಅವನಿಗೆ ಏನೂ ಕಲಿಸಬೇಕಾಗಿರಲಿಲ್ಲ. ಕಲಿಸದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಮೊದಲ ಮ್ಯಾಚು ಅವನ ತೋಳಿನಿಂದಲೇ ಗೆದ್ದೆವು. ನಾಲ್ಕು ಜನರನ್ನು ದೂರದಿಂದಲೇ ಬೀಸಿ ಔಟ್ ಮಾಡಿಸಿದ. ಮಾರನೆಯ ದಿನ ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಬಂತು, ನಡುವೆ ಟೋಪಿ ಹಾಕಿಕೊಂಡು ನಾನು. ಹುಡುಗ ಮೂಲೆಯಲ್ಲಿದ್ದ, ಅರ್ಧ ಮುಖ ಕತ್ತರಿಸಿಹೋಗಿತ್ತು. ಪ್ರಿನ್ಸಿಪಾಲರು ಕಾಫಿ ಕುಡಿಸಿ, "ಇನ್ನೊಂದು ಗೆದ್ದುಬುಡಿ, ಆರ್ಡರ್ ಟೈಪ್ ಮಾಡಿಸ್ತೀನಿ" ಅಂದರು. ಫೈನಲ್‌ಗೆ ಎರಡು ವಾರವಿತ್ತು.

ಅದೇ ಹೊತ್ತಿಗೆ ಚಿಕ್ಕನಾಯಕನಹಳ್ಳಿ ರಸ್ತೆಯ ನನ್ನ ತೋಟದಲ್ಲಿ ಕಾಯಿ ಕಿತ್ತು ಅಂಗಳದಲ್ಲಿ ರಾಶಿ ಬಿದ್ದಿತ್ತು. ಅಟ್ಟಕ್ಕೆ ಏರಿಸಲು ಆಳು ಸಿಕ್ಕಿರಲಿಲ್ಲ. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಏರಿಸುವಾಗ ಪೆಟ್ಟು ಬಿದ್ದು ಬಿರುಕು ಬಿಟ್ಟಿತೋ, ಕೊಳೆಯುತ್ತದೆ. ಆದ್ದರಿಂದ ಕೆಳಗಿನವನು ಎರಡೂ ಕೈ ಸೇರಿಸಿ ಮೇಲಕ್ಕೆ ತೇಲಿಸುತ್ತಾನೆ, ಏಣಿಯವನು ಹಿಡಿದು ಅಟ್ಟದ ಬಾಗಿಲಲ್ಲಿ ಕೂತವನಿಗೆ ತೇಲಿಸುತ್ತಾನೆ. ಎಸೆಯುವುದು, ಹಿಡಿಯುವುದು. ಬೇಸ್‌ಬಾಲೂ ಅದೇ ಅಲ್ಲವೇ ಅಂದುಕೊಂಡೆ.

ನೋಟಿಸ್ ಬೋರ್ಡಿನಲ್ಲಿ "ವಿಶೇಷ ತರಬೇತಿ ಶಿಬಿರ" ಎಂದು ಬರೆದು ಹಾಕಿದೆ. ನಾಚಿಕೆ ಆಗಲಿಲ್ಲ. ಎರಡು ಭಾನುವಾರ ಇಡೀ ತಂಡ ಬಂದು ನನ್ನ ಅಟ್ಟ ತುಂಬಿಸಿತು, ನನ್ನ ಹೆಂಡತಿ ಚಿತ್ರಾನ್ನ ಹಾಕಿದಳು. ಕೆಂಕೆರೆಯ ಹುಡುಗ ಮೊದಲು ತನ್ನ ಅಭ್ಯಾಸದಂತೆ ಕಾಯಿಯನ್ನು ಬೀಸಿದ. ಅದು ಅಟ್ಟದ ತೊಲೆಗೆ ಧಡ್ ಎಂದು ಬಡಿಯಿತು.

"ಲೇ, ಕೋತಿಗೆ ಹೊಡೀತಿದ್ದೀಯೇನ್ಲಾ? ಮೆತ್ತಗೆ ಎಸಿ. ಕಾಯಿ ಒಡೆದ್ರೆ ನಿನ್ನ ತಲೆ ಒಡೀತೀನಿ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಆಮೇಲೆ ಎರಡು ಭಾನುವಾರವೂ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಎಸೆದ. ನಾನು ಜಗಲಿಯ ಮೇಲೆ ಕೂತು "ಹಂಗೆ, ಹಂಗೆ ಕಣಪ್ಪ, ಇನ್ನೂ ಮೆತ್ತಗೆ" ಎನ್ನುತ್ತಲೇ ಇದ್ದೆ.

ಫೈನಲ್ ತುಮಕೂರಿನಲ್ಲಿ. ಕೊನೆಯ ಸುತ್ತಿನವರೆಗೂ ಸಮ ಸಮ. ಅವರ ಓಟಗಾರನೊಬ್ಬ ಮೂರನೆಯ ಮೂಲೆಯಲ್ಲಿ ನಿಂತಿದ್ದ, ಅವನು ಹೊರಟ ಜಾಗಕ್ಕೆ ಮರಳಿದರೆ ನಾವು ಸೋತಂತೆ. ಅವರ ಬ್ಯಾಟಿನವನು ಬಾರಿಸಿದ ಚೆಂಡು ಪುಟಿಯುತ್ತ ನೇರ ಕೆಂಕೆರೆಯ ಹುಡುಗನ ಕೈಗೇ ಹೋಯಿತು. ನನ್ನ ಎದೆ ಹಗುರಾಯಿತು. ಓಟಗಾರ ಇನ್ನೂ ಅರ್ಧ ದಾರಿಯಲ್ಲಿದ್ದ. ಮನಸ್ಸಿನಲ್ಲೇ ಆರ್ಡರ್ ಮಡಚಿ ಜೇಬಿಗೆ ಇಟ್ಟುಕೊಂಡೆ.

ಹುಡುಗ ಎರಡೂ ಕೈ ಸೇರಿಸಿ, ಮೊಣಕಾಲು ಬಗ್ಗಿಸಿ, ಚೆಂಡನ್ನು ಮೇಲಕ್ಕೆ ತೇಲಿಸಿದ.

ಎಂಥ ಚೆಂದದ ಎಸೆತ. ಅಟ್ಟದ ಬಾಗಿಲಷ್ಟು ಎತ್ತರ ಹೋಗಿ, ನಿಧಾನವಾಗಿ ಇಳಿದು, ಓಟಗಾರನನ್ನು ಔಟ್ ಮಾಡಲು ಕಾದು ನಿಂತಿದ್ದ ನಮ್ಮವನ ಮಡಿಲಿಗೆ ಸದ್ದಿಲ್ಲದೆ ಬಂತು. ಅವನೂ ಎದೆಗೆ ಅವಚಿಕೊಂಡು ಹಿಡಿದ. ಅಷ್ಟರಲ್ಲಿ ಓಟಗಾರ ಬಂದು ಮುಟ್ಟಿ, ಗೆಳೆಯರ ಹೆಗಲೇರಿ ಕುಣಿಯುತ್ತಿದ್ದ.

ಬಸ್ಸಿನ ಹತ್ತಿರ ಹುಡುಗನ ಕೊರಳಪಟ್ಟಿ ಹಿಡಿದೆ. "ಯಾಕ್ಲಾ ಬೀಸ್ಲಿಲ್ಲ? ಕೈಗೇನಾಗಿತ್ಲಾ ನಿಂಗೆ?"

"ಬೀಸಿದ್ಕೆ ಎಲ್ಲರ ಎದುರ್ಗೂ ಬೈದ್ರಲ್ಲ ಸಾರ್" ಎಂದ, ನನ್ನ ಮುಖ ನೋಡದೆ. "ಎರಡು ಭಾನ್ವಾರ ಮೆತ್ತಗೆ ಎಸ್ದು ಎಸ್ದು ಕೈ ಹಂಗೇ ಕೂತ್ಕಬುಡ್ತು."

ಕೊರಳಪಟ್ಟಿ ಬಿಟ್ಟೆ. ತಪ್ಪು ನನ್ನದಪ್ಪ ಎಂದು ಹೇಳಬೇಕಿತ್ತು. ಮುಂದಿನ ಸೀಟಿಗೆ ಹೋಗಿ ಕೂತೆ.

ಜೂನ್‌ನಲ್ಲಿ ಆರ್ಡರ್ ಬರಲಿಲ್ಲ. ನನ್ನ ಜಾಗಕ್ಕೆ ಬಂದವನು ಖೋಖೋದವನಂತೆ. ಬೇಸ್‌ಬಾಲಿನ ಬ್ಯಾಟಿನಿಂದ ಈಗ ಸ್ಟೋರ್ ರೂಮಿನ ಕಿಟಕಿ ಮುಚ್ಚದಂತೆ ಒತ್ತು ಕೊಟ್ಟಿದ್ದಾರೆ ಎಂದು ಕನ್ನಡ ಮೇಡಂ ಫೋನು ಮಾಡಿ ತಿಳಿಸಿದರು, ಯಾರೂ ಕೇಳದಿದ್ದರೂ.

ಮೊನ್ನೆ ಆ ಕಾಯಿಗಳನ್ನು ಅಟ್ಟದಿಂದ ಇಳಿಸಿದೆವು. ಈಗ ಪುರುಸೊತ್ತಿಗೇನೂ ಬರವಿಲ್ಲ, ಸುಲಿಯಲು ನಾನೇ ಕೂತೆ. ನನ್ನ ಹೆಂಡತಿ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಅನ್ನುವುದನ್ನು ಕೇಳುತ್ತ ಗುಡ್ಡೆ ಹಾಕಿದಳು. ಕೊನೆಯ ಕಾಯಿ ಮುಗಿದ ಮೇಲೆ ಸೆರಗು ಕೊಡವಿಕೊಂಡು ಎದ್ದಳು.

"ಒಂದೇ ಒಂದು ಕಾಯೂ ಕೆಟ್ಟಿಲ್ಲ ಕಣ್ರೀ. ಹುಡುಗ್ರಿಗೆ ಚೆನ್ನಾಗಿ ಹೇಳ್ಕೊಟ್ಟಿದ್ರಿ."