ಹಿಂದಿಯಲ್ಲಿ ಕೊಟ್ಟ ಉತ್ತರ

ವಸುಧಕ್ಕ, ಸುಳ್ಳು ಹೇಳಿದವರು ನೀವಲ್ಲ, ನಾನು. ಹಳೆಯ ನಕ್ಷೆಗಳೆಲ್ಲ ಹೊಸ ವ್ಯವಸ್ಥೆಗೆ ಬರುತ್ತವೆ ಎಂದು ನಿಮಗೆ ಮಾತು ಕೊಟ್ಟವನು ನಾನೇ. ಹಾಗೆ ಹೇಳಿಯೇ ಇಲ್ಲ ಎಂದು ನಿಮ್ಮ ಮೇಲಧಿಕಾರಿಯ ಎದುರು ನುಡಿದವನೂ ನಾನೇ.

ನಮ್ಮ ಕನ್ನಡ ಸಂಘದ ಸಂಚಿಕೆಗೆ ನನ್ನಿಂದ ಕೇಳಿದ್ದು ಬೇರೆ — ದೆಹಲಿಯಲ್ಲಿ ಸ್ವಂತ ಕಾಲ ಮೇಲೆ ನಿಂತವನು, ನಮ್ಮ ಹುಡುಗರಿಗೆ ವ್ಯಾಪಾರದ ನಾಲ್ಕು ಮಾತು ಹೇಳಲಿ ಎಂದು. ಹೇಳುವುದು ನನಗೆ ಇಷ್ಟವೇ. ನೆಹರೂ ಪ್ಲೇಸಿನಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುತ್ತ ಚೌಕಾಸಿ ಕಲಿತವನು ನಾನು, ಕೇಳದವರಿಗೂ ಸಲಹೆ ಕೊಡುತ್ತೇನೆ. ಆದರೆ ಬರೆಯಲು ಕೂತರೆ ಪ್ರತಿ ಸಲವೂ ಬರುವುದು ಇದೊಂದೇ.

ಓದುವವರಿಗೆ ವಿಷಯ ತಿಳಿಯಬೇಕು. ಫರೀದಾಬಾದಿನಲ್ಲಿ ಲಿಫ್ಟುಗಳಿಗೆ ಬ್ರೇಕ್ ತಯಾರಿಸುವ ಒಂದು ಕಾರ್ಖಾನೆ. ವಸುಧಕ್ಕ ಅಲ್ಲಿ ನಕ್ಷೆ ವಿಭಾಗದ ಮುಖ್ಯಸ್ಥೆ. ದೆಹಲಿಯ ದ್ವಾರಕಾ ಬಡಾವಣೆಯಲ್ಲಿ ನಮ್ಮ ಪಕ್ಕದ ಹೌಸಿಂಗ್ ಸೊಸೈಟಿಯವರು. ಬ್ರೇಕಿನ ಪ್ರತಿ ಭಾಗದ ನಕ್ಷೆಯೂ ಆಗಾಗ ತಿದ್ದುಪಡಿಯಾಗುತ್ತಿರುತ್ತದೆ. ಹಾಗೆಂದು ಹಳೆಯದು ಕಸವಲ್ಲ — ಅದರಂತೆ ಮಾಡಿದ ಬ್ರೇಕು ಯಾವುದೋ ಕಟ್ಟಡದಲ್ಲಿ ಇನ್ನೂ ದುಡಿಯುತ್ತಿರುತ್ತದೆ, ಕೆಟ್ಟಾಗ ಆ ನಕ್ಷೆಯೇ ಬೇಕು. ಇವೆಲ್ಲ ಒಂದು ಹಳೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿದ್ದವು. ಹೊಸದಕ್ಕೆ ಸಾಗಿಸುವ ಯೋಜನೆ ಹಾಕಿ ಮುಗಿಸಿಕೊಡುವ ಕೆಲಸ ನನ್ನ ಪುಟ್ಟ ಕಂಪನಿಗೆ ಸಿಕ್ಕಿತು. ಬೇರೆಯವರು ತಿಂಗಳುಗಟ್ಟಲೆ ಕೇಳಿದ್ದರು. ನಾನು, ದೀಪಾವಳಿಗೆ ಕಾರ್ಖಾನೆ ಮುಚ್ಚುತ್ತದಲ್ಲ, ಆ ರಜೆಯಲ್ಲೇ ಮುಗಿಸುತ್ತೇನೆ ಎಂದುಬಿಟ್ಟಿದ್ದೆ.

ಆ ರಜೆಯಲ್ಲಿ ಹಿಡಿಸುವುದು ಚಾಲ್ತಿಯ ನಕ್ಷೆಗಳು ಮಾತ್ರ. ಹಳೆಯವನ್ನು ತರಬೇಕೆಂದರೆ ಯಾವುದು ಯಾವುದರ ತಿದ್ದುಪಡಿ, ಯಾವ ಬ್ರೇಕಿಗೆ ಸೇರಿದ್ದು ಎಂಬ ಕೊಂಡಿಗಳೂ ಜೊತೆಗೆ ಬರಬೇಕು. ಮೊದಲೊಂದು ತಾಲೀಮು ನಡೆಸಬೇಕು. ಅದಕ್ಕೆ ಬಿಡುವಿರಲಿಲ್ಲ. ಯೋಜನೆಯಲ್ಲಿ ಆ ಭಾಗವನ್ನು ಸದ್ದಿಲ್ಲದೆ ಬಿಟ್ಟೆ. ಯಾರೂ ಕೇಳಲಿಲ್ಲ — ನಿಮ್ಮೊಬ್ಬರನ್ನು ಬಿಟ್ಟು.

ನಿಮ್ಮ ಮೇಲಧಿಕಾರಿ ಖುರಾನಾ ಸಾಹೇಬರ ಕೋಣೆ, ಮೇಜಿನ ಮೇಲೆ ಸಮೋಸ, ಸುತ್ತ ಹಿಂದಿ. ನೀವು ನನ್ನತ್ತ ಬಾಗಿದಿರಿ.

"ಪ್ರಕಾಶ್, ಹಳೇವೂ ಬರ್ತವೆ ತಾನೆ? ನೀವು ಹೂಂ ಅಂದ್ರೆ ಹಳೇ ಸರ್ವರ್ ತೆಗೆಯೋಕೆ ನಾನು ಒಪ್ಪಿಗೆ ಕೊಟ್ಬಿಡ್ತೀನಿ."

"ಎಲ್ಲಾ ಬರ್ತವೆ ಅಕ್ಕ. ನೀವು ಆರಾಮಾಗಿ ಹಬ್ಬ ಮಾಡಿ."

ಸಾಹೇಬರು ನಕ್ಕರು. "ಅರೇ, ಮದ್ರಾಸೀ ಮೇ ಕ್ಯಾ ಸೆಟ್ಟಿಂಗ್ ಚಲ್ ರಹೀ ಹೈ?" ಮದ್ರಾಸಿಯಲ್ಲಿ ಏನು ಒಳಒಪ್ಪಂದ ನಡೆದಿದೆ ಎಂದು.

"ಮದ್ರಾಸೀ ನಹೀ ಸರ್, ಕನ್ನಡ. ಕಿತ್ನೀ ಬಾರ್ ಬತಾವೂಂ?" ಎಷ್ಟು ಸಲ ಹೇಳಲಿ ಎಂದಿರಿ ನೀವು. ಕೋಣೆಯೆಲ್ಲ ನಕ್ಕಿತು. ನಾನೂ.

ದೆಹಲಿಯ ಕನ್ನಡಿಗರ ರೀತಿ ಇದು — ಸಭೆಯ ಮಾತು ಸಭೆಗೆ. ನಿಜ ಬೇಕಾದಾಗ ಪಕ್ಕಕ್ಕೆ ಬಾಗಿ ಕನ್ನಡದಲ್ಲಿ ಕೇಳುತ್ತೇವೆ. ಬೇರೆ ಯಾರೇ ಆಗಿದ್ದರೂ ನೀವು ಬರೆದುಕೊಡಿ ಎನ್ನುತ್ತಿದ್ದಿರಿ. ನನ್ನ ಬಳಿ ಬರೀ ಮಾತು ಸಾಕಾಯಿತು.

ಹಬ್ಬ ಮುಗಿದು ಕಾರ್ಖಾನೆ ತೆರೆಯಿತು. ಹೊಸ ವ್ಯವಸ್ಥೆ ನಡೆಯಿತು, ಬೆನ್ನು ತಟ್ಟಿದರು. ನಿಮ್ಮ ಒಪ್ಪಿಗೆಯ ಮೇಲೆ ಹಳೆಯ ಸರ್ವರನ್ನು ಅಳಿಸಿ ಗುಜರಿ ಕೊಳ್ಳುವ ಕಬಾಡಿಯವನಿಗೆ ಕೊಟ್ಟರು. ಹಳೆಯ ನಕ್ಷೆಗಳ ಪ್ರತಿಯಿದ್ದ ಬ್ಯಾಕಪ್ ಡಿಸ್ಕುಗಳ ಮೇಲೆ ಹೊಸದನ್ನು ತುಂಬಿಸಿದ್ದು ನಾನೇ. ಆ ಸರ್ವರ್ ಟೆಂಪೋ ಏರುವಾಗ ನಾನು ಗೇಟಿನ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ತಡೆಯಿರಿ ಎನ್ನಬಹುದಿತ್ತು. ಹಾಗೆಂದಿದ್ದರೆ ಕೆಲಸ ಅರ್ಧವೇ ಆಗಿದೆ ಎಂದು ನಾನೇ ಸಾರಿದಂತೆ — ಅದಕ್ಕೇ ಚಹಾ ಮುಗಿಸಿದೆ.

ಬೇಸಿಗೆಯಲ್ಲಿ ಕರೋಲ್ ಬಾಗಿನ ಒಂದು ಸಣ್ಣ ಹೋಟೆಲಿನಿಂದ ಹಳೆಯ ಲಿಫ್ಟಿನ ಬ್ರೇಕಿಗೆ ಬಿಡಿಭಾಗ ಬೇಕೆಂದು ಬೇಡಿಕೆ ಬಂತು. ಹುಡುಕಿದರೆ ನಕ್ಷೆ ಇಲ್ಲ. ಅದೊಂದೇ ಅಲ್ಲ, ಹಳೆಯದು ಯಾವುದೂ ಇಲ್ಲ. ಅದೇ ಕೋಣೆಗೆ ನಮ್ಮಿಬ್ಬರನ್ನೂ ಕರೆಸಿದರು. ಪುರಾನೇ ಭೀ ಆಯೇಂಗೇ, ಹಳೆಯವೂ ಬರುತ್ತವೆ ಎಂದು ಹೇಳಿದ್ದೆಯಾ ಎಂದು ಸಾಹೇಬರು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀವು, ತೀರ ಮೆಲ್ಲಗೆ —

"ಅವತ್ತು ಇಲ್ಲೇ ಕೂತು ಏನಂದ್ರಿ ಪ್ರಕಾಶ್? ಅಷ್ಟು ಹೇಳಿ, ಸಾಕು."

ನಾನು ಸಾಹೇಬರ ಕಡೆ ತಿರುಗಿದೆ. "ನಹೀ ಸರ್. ಮೇಡಂ ಕೋ ಗಲತ್‌ಫಹಮೀ ಹುಯೀ ಹೋಗೀ." ಇಲ್ಲ ಸರ್, ಮೇಡಂ ಏನೋ ತಪ್ಪು ತಿಳಿದಿರಬೇಕು.

ಮೇಡಂ. ಅಲ್ಲಿಯತನಕ ನಿಮ್ಮನ್ನು ಅಕ್ಕ ಎಂದಲ್ಲದೆ ಕರೆದವನಲ್ಲ. ನೀವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸಿದ್ದೂ ಅದೇ ಮೊದಲು. ಆ ಕೋಣೆಯಲ್ಲಿ ಕನ್ನಡ ಬಲ್ಲವರು ಬೇರಾರೂ ಇಲ್ಲ, ನನ್ನ ಹಿಂದಿನ ಮಾತಿಗೆ ಸಾಕ್ಷಿಯೇ ಇರಲಿಲ್ಲ — ಅದು ಗೊತ್ತಿದ್ದೇ...

ನಕ್ಷೆ ವಿಭಾಗ ನಿಮ್ಮ ಕೈತಪ್ಪಿತು. ಉಗ್ರಾಣಕ್ಕೆ ಹಾಕಿದರು, ಕೆಲವು ತಿಂಗಳಲ್ಲಿ ನೀವೇ ರಾಜೀನಾಮೆ ಕೊಟ್ಟಿರಿ. ಆ ವರ್ಷದ ರಾಜ್ಯೋತ್ಸವದ ಊಟದಲ್ಲಿ ಬಿಸಿಬೇಳೆಬಾತ್ ಬಡಿಸುತ್ತ ಬಂದವರು ನನ್ನ ಎಲೆಯ ಮುಂದೆ ನಿಂತು, "ಇನ್ನೊಂದು ಸ್ವಲ್ಪ?" ಎಂದಿರಿ. ಸಂಘದಲ್ಲಿ ಯಾರಿಗೂ ನೀವು ಹೇಳಿರಲಿಲ್ಲ. ಎಲ್ಲರಂತೆ ನನಗೂ ಬಡಿಸಿದಿರಿ. ಹೆಸರು ಹಿಡಿದು ಮಾತ್ರ ಕರೆಯಲಿಲ್ಲ.

ಈಗ ಇಂಥ ಕೆಲಸ ಹಿಡಿಯುವ ಹುಡುಗರಿಗೆ ಹೇಳುತ್ತೇನೆ: ಹಳೆಯ ವ್ಯವಸ್ಥೆಯನ್ನು ಆತುರದಲ್ಲಿ ಕಳಚಬೇಡಿ, ಹೊಸದರ ಪಕ್ಕದಲ್ಲೇ ಇರಲಿ, ಏನು ಬರುತ್ತದೆ ಎನ್ನುವುದಕ್ಕಿಂತ ಏನು ಬರುವುದಿಲ್ಲ ಎನ್ನುವುದನ್ನು ಮೊದಲು ಹೇಳಿ... ನೋಡಿ, ಮತ್ತೆ ಸಲಹೆಗೆ ಇಳಿದೆ. ಇದೆಲ್ಲ ಆಗಲೂ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದಲ್ಲ.

ಇಲ್ಲಿಯವರೆಗೆ ಬರೆದ ಮೇಲೆ ಮನಸ್ಸು ಹಗುರವಾಗತೊಡಗಿತ್ತು. ಆಗ ಹೊಳೆಯಿತು — ಇದೂ ಚೌಕಾಸಿಯೇ. ಕನ್ನಡದಲ್ಲಿ ಒಪ್ಪಿಕೊಂಡರೆ ನನಗೇನು ನಷ್ಟ? ಆ ಕೋಣೆಯಲ್ಲಿದ್ದ ಒಬ್ಬರೂ ಈ ಸಂಚಿಕೆ ಓದುವುದಿಲ್ಲ. ಅವರ ಪಾಲಿಗೆ ತಪ್ಪು ಇಂದಿಗೂ ನಿಮ್ಮದೇ.

ಅದಕ್ಕೇ ನಿನ್ನೆ ಫರೀದಾಬಾದಿಗೆ ಫೋನು ಮಾಡಿದೆ. ಖುರಾನಾ ಸಾಹೇಬರು ಇನ್ನೂ ಅಲ್ಲೇ ಇದ್ದಾರೆ. "ಬಹುತ್ ದಿನ್ ಬಾದ್! ಕೋಯೀ ಕಾಮ್ ಚಾಹಿಯೇ ಕ್ಯಾ?" ಎಂದು ನಕ್ಕರು. ಕೆಲಸ ಬೇಡ, ಹಿಂದೆ ಆಡಿದ ಒಂದು ಮಾತು ಸರಿಪಡಿಸುವುದಿದೆ, ಅವತ್ತಿದ್ದವರೆಲ್ಲ ಇರಲಿ ಎಂದೆ. ಸೋಮವಾರ ಬಾ ಎಂದಿದ್ದಾರೆ.

ನೀವು ಬರಬೇಕಿಲ್ಲ, ಅಕ್ಕ — ಹಾಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ. ನೀವು ಅವತ್ತು ಕೇಳಿದ್ದನ್ನು ಅದೇ ಕೋಣೆಯಲ್ಲಿ ಹೇಳುತ್ತೇನೆ. ಅವರಿಗೆಲ್ಲ ಅರ್ಥವಾಗುವಂತೆ, ಹಿಂದಿಯಲ್ಲೇ ಹೇಳುತ್ತೇನೆ.