ಅಜ್ಜಿಗೆ ಕೊಟ್ಟ ನೀರು ಬೆಲ್ಲ

ಇವತ್ತು ಹೊಸ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ, ಕವಲೇದುರ್ಗದ ಕೆಳಗಿನ ನನ್ನ ತವರಿನ ಜಗಲಿಯಲ್ಲಿ ಲಂಗ ಹಾಕಿಕೊಂಡು ಕೂತಿದ್ದೆ.

ನನ್ನ ಅಜ್ಜಿಗೆ ಮರೆವು. ಈಗ ಅದಕ್ಕೆ ಅಲ್ಜೈಮರ್ ಅಂತಾರೆ, ಆಗ ಅರಳು ಮರಳು ಅಂದು ಕೈ ತೊಳೆದುಕೊಳ್ಳುತ್ತಿದ್ದರು. ಸಂಜೆಯಾದರೆ ತನ್ನ ಸೀರೆಗಳನ್ನೆಲ್ಲ ಗಂಟು ಕಟ್ಟಿಕೊಂಡು, "ಕತ್ಲಾಗೋದ್ರೊಳಗೆ ನಮ್ಮನೆಗೆ ಹೋಗ್ಬೇಕು" ಎಂದು ಹೊರಡುತ್ತಿದ್ದಳು. "ಇದೇ ನಿನ್ನ ಮನೆ ಅಲ್ವೇನೇ ಅವ್ವಾ!" ಎಂದು ಅಪ್ಪ ಅಡ್ಡ ನಿಂತರೆ ಅತ್ತು, ಊಟ ಬಿಟ್ಟು ಮಲಗುತ್ತಿದ್ದಳು. ಸೊರಗಿ ಕಡ್ಡಿಯಾದಳು.

"ಇನ್ನು ಚಿಲಕ ಹಾಕೋದೇ ಸೈ" ಎಂದರು ಅಪ್ಪ.

"ವಾದ ಮಾಡಿ ಗೆಲ್ಲಕ್ಕೆ ಇದೇನು ಪಂಚಾಯ್ತಿಯಾ? ಸರೀರಿ ಆಚೆ" ಎಂದ ಅಮ್ಮ, ಅತ್ತೆಯ ಗಂಟನ್ನು ತಾನೇ ಹೊತ್ತು ಜೊತೆಗೆ ಹೊರಟಳು. ಇಬ್ಬರೂ ಗದ್ದೆಯಂಚಿನವರೆಗೆ ಹೋಗಿ, ಸುತ್ತಿ ಬಳಸಿ ಅದೇ ಅಂಗಳಕ್ಕೆ ಬಂದರು. ಅಮ್ಮ ಹೇಳಿಕೊಟ್ಟಿದ್ದಂತೆ ನಾನು, ನೆಂಟರಿಗೆ ಕೊಡುವ ಹಾಗೆ ತಂಬಿಗೆ ನೀರು, ಬೆಲ್ಲ ಹಿಡಿದು "ಬಂದ್ರಾ? ಬನ್ನಿ, ಕೂತ್ಕಳಿ" ಎಂದೆ.

ಅಜ್ಜಿ ಬೆಲ್ಲ ಚೀಪಿ, "ಅಬ್ಬಾ, ಮನೆ ಸೇರಿದೆ" ಎಂದಳು. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಆಮೇಲೆ ದಿನಾ ಸಂಜೆ ನಮ್ಮ ಮನೆಗೆ ಅದೇ ನೆಂಟರು!

ಈಗ ನಮ್ಮ ಯಜಮಾನರಿಗೂ ಅದೇ ಮರೆವು. ಇವತ್ತೂ ಒಂದು ಸುತ್ತು ನಡೆಸಿಕೊಂಡು ಬಂದು ಬೆಲ್ಲ ಕೊಟ್ಟೆ.

"ನೀವು ಭಾರಿ ಒಳ್ಳೇರು ಮಾರಾಯ್ರೆ. ನಮ್ಮನೆಯವಳದ್ದು ಬಾಯಿ ಜೋರು" ಎಂದರು.

"ಪಾಪ, ಹೆಂಗೆ ಸಹಿಸ್ಕಂಡ್ರೋ!" ಎಂದು ಇನ್ನೊಂದು ತುಂಡು ಕೈಗಿಟ್ಟೆ.